ಒಂದೇ ಲೈನು, ಎರಡು ಪೇ ಸ್ಲಿಪ್

ಗೆಳೆಯರೇ,

ಪೀಣ್ಯದಲ್ಲೋ ಬಿಡದಿಯಲ್ಲೋ ಅಸೆಂಬ್ಲಿ ಲೈನಿನ ಮುಂದೆ ನಿಂತು ನೋಡಿ. ಅಕ್ಕಪಕ್ಕ ನಿಂತು ಅದೇ ಬೋಲ್ಟ್ ಬಿಗಿಯುವ ಇಬ್ಬರಲ್ಲಿ ಒಬ್ಬರು ಪರ್ಮನೆಂಟ್, ಇನ್ನೊಬ್ಬರು ಕಾಂಟ್ರಾಕ್ಟ್. ಕೈಕೆಲಸ ನೋಡಿ ಯಾರು ಯಾರೆಂದು ಹೇಳಲಾಗದು, ಐಡಿ ಕಾರ್ಡ್ ನೋಡಿಯೇ ಹೇಳಬೇಕು. ಸಂಬಳದ ಅಂತರ ಎಲ್ಲರಿಗೂ ಗೊತ್ತಿದೆ. ಇವತ್ತು ನಾನು ಮಾತಾಡುವುದು ಅದರಾಚೆ ಸೋರಿಹೋಗುವ ಹಣದ ಬಗ್ಗೆ, ಅದನ್ನು ತಡೆಯಬಲ್ಲವರ ಬಗ್ಗೆ.

ಗ್ರಾಚ್ಯುಟಿಯನ್ನೇ ತಗೊಳ್ಳಿ, ಅಂದರೆ ಐದು ವರ್ಷ ಸೇವೆ ತುಂಬಿದವರಿಗೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟು. ಕೊನೆಯ ತಿಂಗಳ ಮೂಲ ವೇತನ, ತುಟ್ಟಿಭತ್ಯೆ ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ ಒಂದು ವರ್ಷದ ಸೇವೆಯ ಮೊತ್ತ. 15,600 ರೂಪಾಯಿ ಇದ್ದರೆ ದಿನಕ್ಕೆ 600, ವರ್ಷಕ್ಕೆ 9,000, ಹತ್ತು ವರ್ಷಕ್ಕೆ 90,000. ಅದೇ ಲೈನಿನಲ್ಲಿ ಹತ್ತು ವರ್ಷ ದುಡಿದ ಕಾಂಟ್ರಾಕ್ಟ್ ಕಾರ್ಮಿಕನಿಗೆ? ಮೂರು ವರ್ಷಕ್ಕೊಮ್ಮೆ ಗುತ್ತಿಗೆದಾರ ಬದಲಾದರೆ, ಮೆಷಿನ್ ಅದೇ ಇದ್ದರೂ ಕಾಗದದಲ್ಲಿ ಸೇವೆ ಮತ್ತೆ ಒಂದನೇ ದಿನದಿಂದ ಶುರು. ಐದು ವರ್ಷ ಯಾರ ಲೆಕ್ಕದಲ್ಲೂ ತುಂಬುವುದಿಲ್ಲ, ಕೈಗೆ ಸಿಗುವುದು ಸೊನ್ನೆ. 2025ರ ನವೆಂಬರ್ 21ರಂದು ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆ ನಿಶ್ಚಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಕೊಡುತ್ತದೆ, ನಿಜ. ಆದರೆ ಅದು ಲಿಖಿತ ಕರಾರಿನ ಮೇಲೆ ನೇಮಕವಾದವರಿಗೆ. ನೇಮಕಾತಿ ಪತ್ರವೇ ಕೈಯಲ್ಲಿಲ್ಲದವರು ಯಾವ ಅವಧಿ ತೋರಿಸುತ್ತಾರೆ? ಹಾಗಾಗಿ ಮೊದಲು ಕೇಳಬೇಕಾದದ್ದು ಆ ಪತ್ರ.

ಪಿಎಫ್‌ನಲ್ಲಿ ಮೋಸ ಇನ್ನೂ ಸರಳ. 15,000 ರೂಪಾಯಿ ವೇತನಕ್ಕೆ ಕಾರ್ಮಿಕರ ಪಾಲು ಶೇ. 12, ಅಂದರೆ 1,800. ಮಾಲೀಕರ ಪಾಲೂ ಅಷ್ಟೇ. ಕೆಲವು ಗುತ್ತಿಗೆದಾರರು ಒಪ್ಪಿದ ಸಂಬಳದಿಂದಲೇ 3,600 ಮುರಿದುಕೊಳ್ಳುತ್ತಾರೆ. ಇದು ಕಾನೂನುಬಾಹಿರ. ಹೊಸ ಗುತ್ತಿಗೆದಾರ ಬಂದಾಗ ಹೊಸ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರು) ತೆರೆದುಬಿಟ್ಟರೆ ಹಳೆಯ ದುಡ್ಡು ಹಳೆಯ ಖಾತೆಯಲ್ಲೇ ಉಳಿಯುತ್ತದೆ. ಹಳೆಯ ನಂಬರನ್ನೇ ಕೊಡಿ, ಪ್ರತಿ ತಿಂಗಳು ಪಾಸ್‌ಬುಕ್ ನೋಡಿ. ಗುತ್ತಿಗೆದಾರ ಕಟ್ಟದಿದ್ದರೆ ಕಂಪನಿಯೇ ಕಟ್ಟಬೇಕು.

ಇನ್ನು ಅಪಘಾತ. ಪ್ರೆಸ್‌ಗೆ ಬೆರಳು ಸಿಕ್ಕಿತು ಎಂದುಕೊಳ್ಳಿ. ಹತ್ತಿರದ ಖಾಸಗಿ ಕ್ಲಿನಿಕ್ಕಿಗೆ ಕರೆದೊಯ್ದು ಹೊಲಿಗೆ ಹಾಕಿಸಿ, "ಮನೆಯಲ್ಲಿ ಆಯ್ತು ಅಂತ ಹೇಳು" ಎನ್ನುತ್ತಾರೆ. ಅಲ್ಲಿಗೆ ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐನಿಂದ ಬರಬೇಕಾಗಿದ್ದ, ವೇತನದ ಶೇ. 90ರಷ್ಟು ತಾತ್ಕಾಲಿಕ ಅಂಗವಿಕಲತೆ ಪರಿಹಾರ ಹೋಯಿತು. ಕೆಲಸದಲ್ಲಿ ಆದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ, ಮೊದಲ ದಿನವೇ ಆದರೂ ಹಕ್ಕಿದೆ. ಆದರೆ ನಾಳೆ ಗೇಟಿನೊಳಗೆ ಬಿಡದಿದ್ದರೆ ಎಂದು ಗಾಯಗೊಂಡವನು ಸುಮ್ಮನಾಗುತ್ತಾನೆ. ಆಗ ಬಾಯಿ ತೆರೆಯಬಲ್ಲವರು ಪಕ್ಕದ ಪರ್ಮನೆಂಟ್ ಆಪರೇಟರ್. ಅದೇ ಶಿಫ್ಟಿನಲ್ಲಿ ಅಪಘಾತದ ರಿಜಿಸ್ಟರಿನಲ್ಲಿ ಬರೆಸಿ, ಸಾಕ್ಷಿ ಎಂದು ಸಹಿ ಹಾಕಬೇಕು. ಕಾಯಂ ಕೆಲಸ ಎಂದರೆ ಸಂಬಳವಷ್ಟೇ ಅಲ್ಲ, ಹೆದರದೆ ಮಾತಾಡುವ ಅನುಕೂಲ. ಅದು ಹಿಂದಿನವರ ಹೋರಾಟದಿಂದ ಬಂದದ್ದು. ಅದಕ್ಕಾಗಿ ಯಾರೂ ನಾಚಬೇಕಿಲ್ಲ, ಬಳಸದೆ ಇಟ್ಟುಕೊಳ್ಳುವುದನ್ನು ಮಾತ್ರ ನಾನು ಒಪ್ಪಲಾರೆ.

1889ರಲ್ಲಿ ಲಂಡನ್ ಬಂದರಿನ ದಿನಗೂಲಿಗಳು ಗಂಟೆಗೆ ಆರು ಪೆನ್ನಿ ಕೇಳಿ ಮುಷ್ಕರ ಹೂಡಿದಾಗ, ಹಡಗಿಗೆ ಸರಕು ತುಂಬುವ ಕುಶಲ ಸ್ಟೀವೆಡೋರ್‌ಗಳೂ ಕೆಲಸ ನಿಲ್ಲಿಸಿದರು. ಅವರ ಕೂಲಿ ಮೊದಲೇ ಮೇಲಿತ್ತು. ಸುಮಾರು ಐದು ವಾರದಲ್ಲಿ ಆರು ಪೆನ್ನಿ ಸಿಕ್ಕಿತು.

ನಮ್ಮಲ್ಲಿ ಎಷ್ಟೋ ಯೂನಿಯನ್‌ಗಳ ಬೈಲಾದಲ್ಲಿ ಸದಸ್ಯತ್ವ ಕಾಯಂ ನೌಕರರಿಗೆ ಮಾತ್ರ. ನಿವೃತ್ತಿಯಾದ ಜಾಗಕ್ಕೆ ಕಾಂಟ್ರಾಕ್ಟ್‌ನವರು ಬಂದಂತೆಲ್ಲ ಆ ಯೂನಿಯನ್ ಕುಗ್ಗುತ್ತದೆ. ಮುಷ್ಕರದ ದಿನವೂ ಲೈನು ಓಡುತ್ತದೆ. ಮುಂದಿನ ಸರ್ವಸದಸ್ಯರ ಸಭೆಯಲ್ಲೇ ಆ ನಿಯಮ ತಿದ್ದುಪಡಿಗೆ ಇಡಿ. ಬೇಡಿಕೆ ಪಟ್ಟಿಯಲ್ಲಿ ಮೂರು ಸಾಲು ಸೇರಿಸಿ: ಗುತ್ತಿಗೆದಾರ ಬದಲಾದರೂ ಸೇವೆ ಮುಂದುವರಿಯಲಿ, ಹೆಸರು ಹಾಗೂ ಯುಎಎನ್ ಇರುವ ಪಿಎಫ್ ಚಲನ್ ಪ್ರತಿ ತಿಂಗಳು ಯೂನಿಯನ್ನಿಗೆ ಸಿಗಲಿ, ಖಾಲಿ ಬಿದ್ದ ಕಾಯಂ ಹುದ್ದೆಗೆ ಲೈನಿನಲ್ಲಿರುವ ಹಿರಿಯ ಕಾಂಟ್ರಾಕ್ಟ್ ಕಾರ್ಮಿಕರನ್ನೇ ಮೊದಲು ತೆಗೆದುಕೊಳ್ಳಲಿ. ಪಟ್ಟಿ ಬರೆಯಲು ಕೂರುವಾಗ ಅವರಲ್ಲಿ ಇಬ್ಬರನ್ನಾದರೂ ಜೊತೆಗೆ ಕೂರಿಸಿಕೊಳ್ಳಿ.