ತೋರಣಕ್ಕೂ ಸ್ನಾನ ಬೇಕು

ಕೇಳುಗರಿಗೆಲ್ಲ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಚ್ಚಿಕೊಂಡು ಕುಳಿತವರು ಯಾರು ಎಂಬ ಅಂದಾಜು ನನಗಿದೆ. ಊಟ ಮುಗಿದಿದೆ, ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ್ದೀರಿ, ಮೊರದಲ್ಲಿ ಜೋಳವನ್ನೋ ಅಕ್ಕಿಯನ್ನೋ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೀರಿ. ಕೈಗೆ ಕೆಲಸವಿದೆ, ಕಿವಿಗೆ ಬಿಡುವಿದೆ. ನನಗೆ ಬೇಕಾದದ್ದೂ ಅಷ್ಟೇ. ನನ್ನ ಮಾತು ಮುಗಿಯುವ ಹೊತ್ತಿಗೆ ನಿಮ್ಮಲ್ಲಿ ನಾಲ್ವರಾದರೂ ಎದ್ದು ಹೋಗಿ ಟ್ರಂಕಿನ ಮುಚ್ಚಳ ತೆಗೆದರೆ ನಾನು ಬಂದದ್ದಕ್ಕೂ ಸಾರ್ಥಕ.

ಮಹಾನವಮಿ ಹತ್ತಿರ ಬಂತು. ನಮ್ಮ ಧಾರವಾಡ, ಗದಗ, ಬಾಗಲಕೋಟೆ ಕಡೆಯಲ್ಲಿ ಮನೆಯ ಹಾಸಿಗೆ ಹೊದಿಕೆಗಳೆಲ್ಲ ಹೊರಗೆ ಬರುವ ಕಾಲ ಇದು. ಕೌದಿ, ಜಮಖಾನೆ, ದಿಂಬಿನ ಚೀಲ ಎಲ್ಲವನ್ನೂ ಗಂಟು ಕಟ್ಟಿಕೊಂಡು ಹಳ್ಳಕ್ಕೋ ಕೆರೆಗೋ ಹೋಗಿ ಬಡಿದು ಒಗೆಯುತ್ತೇವೆ. ಆಗಲೇ ಟ್ರಂಕಿನ ತಳದಲ್ಲಿರುವ ಹರಿದ ಸೀರೆಗಳೂ ಕಣ್ಣಿಗೆ ಬೀಳುತ್ತವೆ. ಉಡುವಂತಿಲ್ಲ, ಎಸೆಯಲು ಮನಸ್ಸಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳ ಕೂಗು ಕೇಳುತ್ತದೆ. ಐದು ಸೀರೆ ಕೊಟ್ಟು ಒಂದು ಸ್ಟೀಲ್ ಡಬ್ಬಿ ತಂದುಕೊಂಡು ಗೆದ್ದೆವು ಎಂದುಕೊಳ್ಳುತ್ತೇವೆ. ಅದೇ ಸಂಜೆ ಪೇಟೆಗೆ ಹೋಗಿ ಬಾಗಿಲಿಗೆ ಪ್ಲಾಸ್ಟಿಕ್ ತೋರಣ ಕೊಂಡು ತರುತ್ತೇವೆ. ಇದು ಯಾವ ಲೆಕ್ಕ, ಹೇಳಿ.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ 30 ವರ್ಷ ಹೊಲಿಗೆ ಕಲಿಸಿದವಳು. ಹಳೆಯ ಬಟ್ಟೆಯಿಂದ ಹಬ್ಬಕ್ಕೆ, ಋತುವಿಗೆ ತಕ್ಕಂತೆ ಮನೆಯನ್ನು ಸಿಂಗರಿಸುವ ಬಗ್ಗೆ ಮಾತನಾಡಿ ಎಂದು ಕರೆದಿದ್ದಾರೆ. ಹತ್ತಾರು ಸಂಗತಿ ಹೇಳಬಹುದು, ಆದರೆ ನೀವು ನೆನಪಿಟ್ಟುಕೊಳ್ಳಬೇಕಾದದ್ದು ಒಂದೇ. ಹಬ್ಬಕ್ಕೆಂದು ಕಟ್ಟುವ ವಸ್ತುವಿಗೆ ಸ್ನಾನ ಮಾಡಿಸಲು ಬರಬೇಕು. ಬರುವುದಾದರೆ ಕಟ್ಟಿ. ಬರದಿದ್ದರೆ ಎಷ್ಟೇ ಚೆಂದವಿರಲಿ, ಬೇಡ.

ಮಾವಿನ ತೋರಣಕ್ಕೆ ಈ ಚಿಂತೆಯಿಲ್ಲ. ಎಲೆ ನಾಲ್ಕು ದಿನಕ್ಕೆ ಒಣಗಿ ಸುರುಳಿಯಾಗಿ, ನನ್ನನ್ನು ಇಳಿಸಿ ಎಂದು ತಾನೇ ಹೇಳುತ್ತದೆ. ಬಟ್ಟೆಗೆ ಹಾಗೆ ಹೇಳಲು ಬಾರದು. ದೀಪಾವಳಿಗೆ ಕಟ್ಟಿದ್ದು ಸಂಕ್ರಾಂತಿಗೂ ಅಲ್ಲೇ, ಶಿವರಾತ್ರಿಗೂ ಅಲ್ಲೇ. ಆಮೇಲೆ ಅದು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವುದು ಬಂದ ಬೀಗರಿಗೆ, ಅದರ ಮೇಲಿನ ಜೇಡರ ಬಲೆಯ ಸಮೇತ.

ಇದನ್ನು ನನಗೆ ಕಲಿಸಿದವರು ನನ್ನ ಅತ್ತೆ. ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ಅವರು ಕೇಳಿದ್ದು ಎರಡೇ ಪ್ರಶ್ನೆ, ಎರಡರ ನಡುವೆ ಐದು ತಿಂಗಳ ಅಂತರ. ಆ ಕಥೆ ಹೇಳುತ್ತೇನೆ.

ನಾನು ಗದಗಿನ ಹತ್ತಿರದ ಹಳ್ಳಿಗೆ ಸೊಸೆಯಾಗಿ ಹೋದಾಗ ಹೊಲಿಗೆಯ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದ ಗರ್ವ ಇನ್ನೂ ಇಳಿದಿರಲಿಲ್ಲ. ಮೊದಲ ದೀಪಾವಳಿ ಬಂತು. ನೀರು ತುಂಬುವ ಹಬ್ಬದ ದಿನ ಅತ್ತೆ ಟ್ರಂಕು ತೆಗೆದು, ಹಳೆಯ ಧೋತರದಲ್ಲಿ ಸುತ್ತಿದ್ದ ಒಂದು ತೋರಣವನ್ನು ಹೊರತೆಗೆದರು. ಇಳಕಲ್ ಸೀರೆಯ ದಡಿಗೆ, ಅಂದರೆ ಅಂಚಿನ ಪಟ್ಟಿಗೆ, ಸಾಲಾಗಿ ಮುಕ್ಕೋನೆಯ ಚೂರುಗಳನ್ನು ಹೊಲಿದಿದ್ದರು. ದಾಳಿಂಬೆ ಕೆಂಪು, ಗಿಳಿ ಹಸಿರು, ನವಿಲುಗೊರಳಿನ ನೀಲಿ. ಈ ಕೆಂಪು ಅವರ ತವರಿನ ಸೀರೆಯದು, ಈ ಹಸಿರು ಅವರ ಅತ್ತೆಯದು. ನಡುವಿನ ಹಳದಿ ಚೂರು ನಮ್ಮ ಯಜಮಾನರು ಕೂಸಾಗಿದ್ದಾಗಿನ ಕುಂಚಿಗೆಯದು, ಅದರ ಒಂದು ಮೂಲೆಯಲ್ಲಿ ಹರಳೆಣ್ಣೆಯ ಕಲೆ ಕೂಡ ಉಳಿದಿತ್ತು. ಒಗೆದು ಒಗೆದು ಬಟ್ಟೆ ಬೆಣ್ಣೆಯಂತಾಗಿತ್ತು.

ನನಗೋ ಅದು ಸಪ್ಪೆ ಎನಿಸಿತು. ಇದಕ್ಕಿಂತ ಹತ್ತು ಪಾಲು ಚೆಂದದ್ದನ್ನು ನಾನು ಮಾಡಬಲ್ಲೆ ಎಂದುಕೊಂಡು ಮಾಡಿಯೂ ಬಿಟ್ಟೆ. ಕೆಂಪು ಮಖಮಲ್ಲು ಪೇಟೆಯಿಂದ ಬಂತು. ನೆಟ್ಟಗೆ ನಿಲ್ಲಲೆಂದು ಒಳಗೆ ರಟ್ಟು ಕೂರಿಸಿದೆ. ಹೊಲಿಯುವಷ್ಟು ತಾಳ್ಮೆ ಯಾರಿಗಿದೆ, ಎಲ್ಲವನ್ನೂ ಅಂಟು ಹಚ್ಚಿಯೇ ಕೂಡಿಸಿದೆ. ಮೇಲೆ ಬಂಗಾರದ ಬಣ್ಣದ ಲೇಸು, ದುಂಡು ಕನ್ನಡಿ, ತುದಿಗೆ ಗೆಜ್ಜೆ. ಓಣಿಯ ಹೆಣ್ಣುಮಕ್ಕಳೆಲ್ಲ ಬಂದು ನೋಡಿದರು. ನಾನು ಉಬ್ಬಿ ಬಾಗಿಲು ಹಿಡಿಸದಷ್ಟಾಗಿದ್ದೆ. ಅತ್ತೆ ಮಾತ್ರ ಎರಡು ಬೆರಳಿನಿಂದ ಅದನ್ನು ಮುಟ್ಟಿ ನೋಡಿ ಕೇಳಿದರು:

“ಚೆಂದವಿದೆಯವ್ವಾ. ಇದಕ್ಕೆ ಸ್ನಾನ ಮಾಡಿಸಬಹುದೇ?”

“ತೋರಣಕ್ಕೆ ಯಾರಾದರೂ ಸ್ನಾನ ಮಾಡಿಸುತ್ತಾರೆಯೇ ಅತ್ತೆ?” ಎಂದು ನಾನು ನಕ್ಕೆ. ಅವರೂ ನಕ್ಕು ಸುಮ್ಮನಾದರು. ನನ್ನದು ತಲೆಬಾಗಿಲಿಗೆ ಏರಿತು, ಅವರದು ಅಡುಗೆಮನೆಯ ಬಾಗಿಲಿಗೆ.

ತುಳಸಿ ಲಗ್ನ ಮುಗಿದ ಮರುದಿನ ಅವರ ತೋರಣ ಕೆಳಗಿಳಿಯಿತು. ಅಂಟವಾಳದ ನೀರಿನಲ್ಲಿ ಮೆಲ್ಲಗೆ ಹಿಸುಕಿ, ನೆರಳಿನಲ್ಲಿ ಒಣಗಿಸಿ, ಒಣ ಬೇವಿನ ಎಲೆಯ ಜೊತೆ ಧೋತರದಲ್ಲಿ ಸುತ್ತಿ ಟ್ರಂಕಿಗೆ ಸೇರಿಸಿದರು. ನನ್ನದನ್ನು ನಾನು ಇಳಿಸಲಿಲ್ಲ. ಅಷ್ಟು ಚೆಂದದ್ದನ್ನು ಕತ್ತಲಲ್ಲಿಡುವುದೇ?

ಯುಗಾದಿ ಬರುವ ಹೊತ್ತಿಗೆ ಅದರ ಅವಸ್ಥೆ ಕೇಳಬೇಡಿ. ಬಿಸಿಲು ಬೀಳುವ ಬದಿ ಬಿಳಿಚಿಕೊಂಡಿತ್ತು, ಮನೆಯೊಳಗಿನ ಬದಿ ಮಾತ್ರ ಕೆಂಪಗಿತ್ತು. ಕನ್ನಡಿಗಳು ಮುದುಕಿಯ ಹಲ್ಲಿನಂತೆ ಒಂದೊಂದಾಗಿ ಉದುರಿದ್ದವು. ರಟ್ಟಿನ ಹಿಂದೆ ಹಲ್ಲಿಯೊಂದು ಸಂಸಾರ ಹೂಡಿತ್ತು. ಅಂಟಿನ ರುಚಿ ಹತ್ತಿದ ಹುಳುಗಳು ಮಖಮಲ್ಲನ್ನು ಜರಡಿ ಮಾಡಿದ್ದವು. ಸರಿ, ತೊಳೆದರಾಯಿತು ಎಂದು ಬಕೆಟ್ಟಿನಲ್ಲಿ ನೆನೆಹಾಕಿದೆ. ಒಂದೇ ನೀರಿನಲ್ಲಿ ಆಗಲಿ ಎಂದು ಯಜಮಾನರ ಬಿಳಿಯ ಧೋತರವನ್ನೂ ಅದೇ ಬಕೆಟ್ಟಿಗೆ ಹಾಕಿದೆ. ಹೊಲಿಗೆ ಶಿಕ್ಷಕಿಯ ಬುದ್ಧಿ ನೋಡಿ!

ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ರಟ್ಟು ಅಂಬಲಿಯಾಗಿದೆ, ಲೇಸು ಒಂದು ಕಡೆ ತೇಲುತ್ತಿದೆ, ಗೆಜ್ಜೆ ತಳಕ್ಕೆ ಇಳಿದಿವೆ. ಧೋತರ ಗುಲಾಬಿ ಬಣ್ಣಕ್ಕೆ ತಿರುಗಿದೆ. ಹೋಳಿ ಹುಣ್ಣಿಮೆ ಕಳೆದು ಹದಿನೈದು ದಿನವಾಗಿತ್ತು, ಯಜಮಾನರು ಮಾತ್ರ ಯುಗಾದಿಯ ದಿನ ಮತ್ತೆ ಹೋಳಿ ಆಡಿ ಬಂದವರಂತೆ ಓಡಾಡಿದರು. ನಾನು ಬಕೆಟ್ಟಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದೆ. ಅತ್ತೆ ಹಿತ್ತಿಲಿಗೆ ಬಂದರು, ಬಗ್ಗಿ ನೋಡಿದರು.

“ಸ್ನಾನವಾಯಿತೇ?” ಎಂದರು.

ಇದೇ ಆ ಎರಡನೆಯ ಪ್ರಶ್ನೆ.

ಅವರ ತೋರಣ ಈಗ ನನ್ನ ಬಳಿ ಇದೆ. ಇಷ್ಟು ವರ್ಷಗಳಲ್ಲಿ ನಾನು ಬದಲಿಸಿದ್ದು 3 ಚೂರು ಮಾತ್ರ. ಅದರಲ್ಲೊಂದು ಅತ್ತೆಯ ಕೊನೆಯ ಸೀರೆಯದು. ಕುಂಚಿಗೆಯ ಚೂರು ಹಾಗೆಯೇ ಇದೆ, ಎಣ್ಣೆಯ ಕಲೆಯೂ ಹೋಗಿಲ್ಲ.

ಕಥೆಯಲ್ಲೇ ಅರ್ಧ ಸಮಯ ಹೋಯಿತು. ಈಗ ಮಾಡುವ ಬಗೆ. ಇದನ್ನು ಗಮನವಿಟ್ಟು ಕೇಳಿ, ಮೊರ ಕೆಳಗಿಟ್ಟರೂ ಚಿಂತೆಯಿಲ್ಲ.

ಸೀರೆ ಎಲ್ಲ ಕಡೆಯೂ ಒಂದೇ ಸಮನೆ ಸವೆಯುವುದಿಲ್ಲ. ನೆರಿಗೆ ನೆಲಕ್ಕೆ ಉಜ್ಜುವ ಕಡೆ, ಮೊಣಕಾಲಿನ ಕಡೆ ಮೊದಲು ಹರಿಯುತ್ತದೆ. ಸೆರಗು, ಮೇಲಿನ ದಡಿ ಗಟ್ಟಿಯಾಗಿಯೇ ಉಳಿದಿರುತ್ತವೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಸವೆದ ಜಾಗ ಜಾಳಾಗಿ ಕಾಣುತ್ತದೆ, ಅದನ್ನು ಬಿಡಿ. ಇಳಕಲ್ ಸೀರೆಯಾದರೆ ಸಾಮಾನ್ಯವಾಗಿ ಒಡಲು ಹತ್ತಿ, ಸೆರಗು ರೇಷ್ಮೆ. ನೇಯುವಾಗಲೇ ಎರಡರ ಹಾಸುನೂಲುಗಳನ್ನು ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೊಂಡಿಯ ಗೆರೆಯಲ್ಲೇ ಎರಡನ್ನೂ ಬೇರೆ ಮಾಡಿಕೊಳ್ಳಿ. ಹತ್ತಿಯನ್ನು ಕತ್ತರಿಸಬೇಡಿ, ಅಂಚಿನಲ್ಲಿ ಚಿಕ್ಕ ಕಚ್ಚು ಕೊಟ್ಟು ಎರಡೂ ಕೈಯಿಂದ ಹರಿಯಿರಿ. ಪರ್ರ್ ಎಂದು ನೂಲಿನ ಗುಂಟ ನೇರವಾಗಿ ಹರಿಯುತ್ತದೆ, ಸ್ಕೇಲು ಬೇಕಿಲ್ಲ.

6 ಇಂಚಿನ ಚೌಕಗಳನ್ನು ಮಾಡಿಕೊಳ್ಳಿ. ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿ, ಮುಕ್ಕೋನೆಯಾಯಿತು. ಅದನ್ನು ನಡುವೆ ಇನ್ನೊಮ್ಮೆ ಮಡಿಸಿ, ಚಿಕ್ಕ ಮುಕ್ಕೋನೆಯಾಯಿತು. ಈಗ ಕೈಯಲ್ಲಿ ಹಿಡಿದು ನೋಡಿ. ಎರಡು ಬದಿ ಮಡಿಕೆ, ಬಟ್ಟೆಯ ಎಳೆ ಬಿಚ್ಚುವ ಬದಿಗಳೆಲ್ಲ ಉದ್ದನೆಯ ಒಂದೇ ಕಡೆ ಬಂದು ಕೂಡಿವೆ. ಆ ಬದಿಯನ್ನು, ಉದ್ದಕ್ಕೆ ಮಡಿಸಿದ ದಡಿಯ ಒಳಗೆ ಸಿಕ್ಕಿಸಿ ದಾರ ಓಡಿಸಿದರೆ ಮುಗಿಯಿತು. ಬೇರೆ ಅಂಚು ಹೊಲಿಯುವ ಕೆಲಸವೇ ಇಲ್ಲ. 3 ಅಡಿ ಅಗಲದ ಬಾಗಿಲಿಗೆ ಪಕ್ಕಪಕ್ಕದಲ್ಲಿ ಇಟ್ಟರೆ 6 ಚೂರು ಸಾಕು. ಅರ್ಧರ್ಧ ಒಂದರ ಮೇಲೊಂದು ಬರುವಂತೆ ಜೋಡಿಸಿದರೆ 11 ಬೇಕು, ತುಂಬಿಕೊಂಡು ಕಾಣುತ್ತದೆ. ಎರಡೂ ತುದಿಗೆ ಲಾಡಿ ಹೊಲಿಯಿರಿ, ಮೊಳೆಗೆ ಕಟ್ಟಲು, ಹಬ್ಬ ಮುಗಿದೊಡನೆ ಬಿಚ್ಚಲು. ಅಂಟು ಬೇಡ, ರಟ್ಟು ಬೇಡ. ಸೂಜಿ, ದಾರ, ಅಷ್ಟೇ.

ಈ ಮಡಿಕೆಯನ್ನು ನಾನು ಕಂಡುಹಿಡಿದದ್ದಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿಯ ನಾಲ್ಕು ಮೂಲೆಯನ್ನು ನೋಡಿ. ಮಡಿಸಿದ ಚೂರುಗಳನ್ನು ಒಂದರ ಮೇಲೊಂದು ಕೂರಿಸಿ ಮೂಲೆಮೂಲೆಗೆ ಒಂದೊಂದು ಹೂವು ಮಾಡಿರುತ್ತಾರೆ. ಅದನ್ನು ಅವರು ಕರೆಯುವುದೂ ಫೂಲ ಎಂದೇ. ಫೂಲವಿಲ್ಲದ ಕೌದಿಯನ್ನು ಬೆತ್ತಲೆ ಎನ್ನುತ್ತಾರೆ. ಮೈಗೆ ಹೊದೆಯುವ, ವರ್ಷವರ್ಷವೂ ಒಗೆಯುವ ವಸ್ತುವಿಗೆ ಈ ಸಿಂಗಾರ. ಅದಕ್ಕೆ ಎಲ್ಲಾದರೂ ಅಂಟು ಹಚ್ಚಿದ್ದನ್ನು ನೀವು ಕಂಡಿದ್ದೀರಾ?

ಮೊನ್ನೆ ನನ್ನ ಹಳೆಯ ಶಿಷ್ಯೆಯೊಬ್ಬಳು ಮೊಬೈಲಿನಲ್ಲಿ ಏನನ್ನೋ ತೋರಿಸಿದಳು, ಹಳೆಯ ಬಟ್ಟೆಯ ಗೊಂಚಲು ಮಾಡುವ ಬಗೆ. ನೋಡಿದರೆ ಬಟ್ಟೆ ಅಂಗಡಿಯಿಂದ ಆಗಷ್ಟೇ ತಂದದ್ದು, ಬೆಲೆಯ ಚೀಟಿಯೂ ಅದರ ಮೇಲೇ ಇತ್ತು. ಹಳೆಯದನ್ನು ಮಾಡಲು ಹೊಸದನ್ನು ಕೊಳ್ಳುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಇರಲಿ.

ಹೊಸ ಬಟ್ಟೆಯೇ ಬೇಕೆಂದಿದ್ದರೆ ಮನೆಯಲ್ಲೇ ಇದೆಯಲ್ಲ, ಉಡಿ ತುಂಬಿದಾಗ ಬಂದ ರವಿಕೆಯ ಖಣಗಳು. ಗುಳೇದಗುಡ್ಡದ ಅಸಲಿ ಖಣ ಬಂದರೆ ಪುಣ್ಯ, ಅದನ್ನು ಮುಟ್ಟಬೇಡಿ, ರವಿಕೆ ಹೊಲಿಸಿಕೊಳ್ಳಿ. ಉಳಿದವುಗಳ ಯೋಗ್ಯತೆ ನಿಮಗೂ ಗೊತ್ತು, ನನಗೂ ಗೊತ್ತು. ರವಿಕೆಗೆ ಸಾಲುವುದಿಲ್ಲ ಎಂದು ನೀವು ನನಗೆ ಕೊಡುತ್ತೀರಿ, ನಾನು ಇನ್ನೊಬ್ಬರಿಗೆ ಕೊಡುತ್ತೇನೆ. ನಾನೇ ಕೊಟ್ಟ ಖಣವೊಂದು, ಮೂಲೆಯ ಅರಿಸಿನದ ಬೆರಳಚ್ಚಿನ ಸಮೇತ, ಎರಡು ವರ್ಷ ಊರು ಸುತ್ತಿ ನನ್ನ ಉಡಿಗೇ ಬಂದು ಬಿದ್ದದ್ದುಂಟು. ಅಂಥವನ್ನು ಒಮ್ಮೆ ನೀರಿಗೆ ಹಾಕಿ ಚೌಕ ಮಾಡಿ. ಆದರೆ ಬಣ್ಣ ಬಿಡುತ್ತದೆಯೋ ಎಂದು ಮೊದಲು ನೋಡಿ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಮೂಲೆಗೆ ಒತ್ತಿ ತಿಕ್ಕಿ. ಬಿಳಿಗೆ ಬಣ್ಣ ಹತ್ತಿದರೆ ಅದನ್ನು ಈ ಕೆಲಸಕ್ಕೆ ತರಬೇಡಿ. ಗುಲಾಬಿ ಧೋತರ ನೆನಪಿರಲಿ.

ಇನ್ನು ಯಾವ ಕಾಲಕ್ಕೆ ಏನು. ಬೇಗ ಹೇಳಿ ಮುಗಿಸುತ್ತೇನೆ. ಯುಗಾದಿಗೆ ಬಟ್ಟೆಯದು ಏನೂ ಬೇಡ, ಅಂದು ಮಾವು ಬೇವಿನ ಮುಂದೆ ನಮ್ಮ ಹೊಲಿಗೆ ಯಾವ ಲೆಕ್ಕ? ಬೇಸಿಗೆಗೆ ಬಣ್ಣದ್ದನ್ನೆಲ್ಲ ಒಳಗಿಟ್ಟು, ಹಳೆಯ ಬಿಳಿ ಧೋತರವನ್ನು ಕಿಟಕಿಗೆ ಪರದೆ ಮಾಡಿ. ಮಧ್ಯಾಹ್ನ ನೀರು ಚಿಮುಕಿಸಿದರೆ ಗಾಳಿ ತಂಪಾಗಿ ಬರುತ್ತದೆ. ಮಳೆಗಾಲಕ್ಕೆ ಕೆಸರು ಕಾಲು. ಸವೆದ ಸೀರೆಯನ್ನು ಉದ್ದುದ್ದ ಹರಿದು, ಜಡೆ ಹೆಣೆದು, ಚಕ್ಕುಲಿಯಂತೆ ಸುತ್ತಿ ಹೊಲಿದರೆ ಕಾಲೊರಸು. ನಾಗರ ಪಂಚಮಿಗೆ ಜೋಕಾಲಿಯ ಮಣೆಯ ಮೇಲೆ ನಾಲ್ಕು ಮಡಿಕೆಯ ಚಿಕ್ಕ ಕೌದಿ, ಅಂಚಿಗೆ ಅದೇ ಮುಕ್ಕೋನೆಗಳು. ಗಣಪತಿಯ ಹಿಂದೆ ಇಳಿಬಿಡಲು ಸೆರಗು. ಅದರಲ್ಲಿ ಕಸೂತಿ ಇದ್ದರೆ ದಯವಿಟ್ಟು ಕತ್ತರಿ ಮುಟ್ಟಿಸಬೇಡಿ, ಇಡಿಯಾಗಿಯೇ ಬಳಸಿ. ಕಸೂತಿಯ ಗವಂತಿ, ಮುರಗಿ ಹೊಲಿಗೆಗಳಿಗೆ ಗಂಟಿಲ್ಲ, ಎರಡೂ ಬದಿ ಒಂದೇ ಸಮನೆ ಕಾಣುತ್ತವೆ. ಒಳಬಾಗಿಲಿಗೆ ಪರದೆಯಾಗಿ ಬಿಟ್ಟರೆ ಒಳಗಿನವರಿಗೂ ಕಸೂತಿಯ ಗೋಪುರ, ಹೊರಗಿನವರಿಗೂ ಗೋಪುರ. ದೀಪಾವಳಿಗೆ ತೋರಣ, ಆದರೆ ಪಣತಿಯಿಂದ ದೂರ. ಚಳಿಗೆ ಕೌದಿಯನ್ನು ಮಂಚದ ಕಾಲ್ದೆಸೆಯಲ್ಲಿ ಬಣ್ಣ ಕಾಣುವಂತೆ ಮಡಿಸಿಟ್ಟರೆ ಕೋಣೆ ತಾನೇ ತುಂಬುತ್ತದೆ.

ಒಂದು ಏರುವಾಗ ಇನ್ನೊಂದು ಇಳಿಯಲೇಬೇಕು. ಇಳಿದದ್ದಕ್ಕೆ ಸ್ನಾನ, ನೆರಳಿನಲ್ಲಿ ಒಣಗಿಸುವುದು, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತುವುದು. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಪಸೆ ಕೂತು ಜರಿ ಕಪ್ಪಾಗುತ್ತದೆ. ಬೇವಿನ ಎಲೆ ಹಸಿಯದಾದರೆ ಕಲೆ ಬೀಳುತ್ತದೆ, ಚೆನ್ನಾಗಿ ಒಣಗಿದ್ದನ್ನೇ ಹಾಕಿ.

ದಿಂಬಿನ ಚೀಲದ ಬಗ್ಗೆಯೂ ಹೇಳಬೇಕೆಂದು ಬರೆದುಕೊಂಡು ಬಂದಿದ್ದೆ. ಇನ್ನೊಮ್ಮೆ ಕರೆದರೆ ಹೇಳುತ್ತೇನೆ. ನನಗೂ ಮನೆಗೆ ಹೋಗಬೇಕು. ಈ ಸಲದ ಗಣಪತಿಯ ಹಿಂದೆ ಕಟ್ಟಿದ್ದ ಸೆರಗನ್ನು ಬೆಳಗ್ಗೆ ನೀರಿನಲ್ಲಿ ಹಾಕಿ ಬಂದಿದ್ದೇನೆ, ಹೋಗಿ ಹಿಂಡಬೇಕು. ನಮಸ್ಕಾರ.