ಕುದುರೆ ಕೊಂಡ ಬೀದರ್, ಕುದುರೆ ಬೆಳೆಸಿದ ಕುಣಿಗಲ್

ತೆರೆಯ ಮೇಲೆ ಈಗ ಕಾಣುತ್ತಿರುವುದು ಬೀದರ್‌ನ ಮಹಮೂದ್ ಗವಾನ್ ಮದರಸಾ. 1472ರಲ್ಲಿ ಮುಗಿದ ಈ ಕಟ್ಟಡದ ಬಣ್ಣದ ಹೆಂಚುಗಳನ್ನು ಎಲ್ಲರೂ ಚಿತ್ರೀಕರಿಸುತ್ತಾರೆ; ಇದನ್ನು ಕಟ್ಟಿಸಿದ ಬಹಮನಿ ಪ್ರಧಾನಮಂತ್ರಿ ಇರಾನಿನ ಗೀಲಾನ್ ಪ್ರಾಂತ್ಯದಿಂದ ವ್ಯಾಪಾರಿಯಾಗಿ ಬಂದವನೆಂಬುದು ಮಾತ್ರ ಅಷ್ಟಾಗಿ ನೆನಪಾಗುವುದಿಲ್ಲ. ಆ ಕಾಲದಲ್ಲಿ ಸಮುದ್ರ ದಾಟಿ ಬರುವ ವ್ಯಾಪಾರಿಗೆ ಕುದುರೆಗಿಂತ ಲಾಭದ ಸರಕು ಅಪರೂಪ. ಮದರಸಾ ಮುಗಿದ ವರ್ಷವೇ ಗವಾನ್ ವಿಜಯನಗರದ ಕೈಯಿಂದ ಗೋವೆಯನ್ನು ಕಿತ್ತುಕೊಂಡನು. ಗೋವೆ ಕೈಯಲ್ಲಿದ್ದರೆ ಅರಬ್ ಕುದುರೆಗಳು ತನಗೆ ಸಿಗುತ್ತವೆ, ಶತ್ರುವಿಗೆ ತಪ್ಪುತ್ತವೆ.

1470ರ ಆಸುಪಾಸಿನಲ್ಲಿ ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದೇ ಒಂದು ಗಂಡು ಕುದುರೆಯನ್ನು ನಂಬಿಕೊಂಡು ಬೀದರಿಗೆ ಬಂದ. ದಾರಿಯಲ್ಲಿ ಜುನ್ನಾರಿನ ಖಾನ್ ಅದನ್ನು ಕಸಿದುಕೊಂಡು, ಮತಾಂತರವಾದರೆ ಕೊಡುತ್ತೇನೆಂದು ಹಟ ಹಿಡಿದಿದ್ದ; ಖುರಾಸಾನಿನ ಒಬ್ಬ ಪ್ರಮುಖನ ಮಧ್ಯಸ್ಥಿಕೆಯಿಂದ ಅದು ಮರಳಿ ಸಿಕ್ಕಿ, ಕೊನೆಗೆ ಬೀದರಿನಲ್ಲಿ ಮಾರಾಟವಾಯಿತು. ಈ ನಾಡಿನಲ್ಲಿ ಕುದುರೆಗಳು ಹುಟ್ಟುವುದಿಲ್ಲ, ಎತ್ತು ಎಮ್ಮೆಗಳೇ ಸವಾರಿಗೂ ಹೊರೆಗೂ ಎಂದು ಅವನು ಬರೆದಿಟ್ಟಿದ್ದಾನೆ. ನಮ್ಮ ಆಳಂದದ ಜಾತ್ರೆಗೆ 20,000 ಕುದುರೆಗಳು ಬರುತ್ತವೆಂದೂ ಬರೆದಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು, ಆದರೆ ಅಷ್ಟು ದೊಡ್ಡ ಸಂತೆಯ ಪಕ್ಕದಲ್ಲೇ ಕುದುರೆ ಹುಟ್ಟುವುದಿಲ್ಲವೆಂಬ ಮಾತು ನನಗೆ ಹೆಚ್ಚು ಮುಖ್ಯವೆನಿಸುತ್ತದೆ.

ಕೊಳ್ಳುವವರು ಕೊಳ್ಳುತ್ತಲೇ ಇರಬೇಕೆಂಬುದು ಮಾರುವವರ ಲೆಕ್ಕಾಚಾರ. 13ನೇ ಶತಮಾನದ ಕೊನೆಯಲ್ಲಿ ಪಾಂಡ್ಯ ದೇಶವನ್ನು ಕಂಡ ಮಾರ್ಕೊ ಪೋಲೊ, ವ್ಯಾಪಾರಿಗಳು ಕುದುರೆಗಳನ್ನು ತರುತ್ತಾರೆಯೇ ಹೊರತು ಅವುಗಳ ಆರೈಕೆ ಬಲ್ಲವರನ್ನು ಬರಗೊಡುವುದಿಲ್ಲ ಎನ್ನುತ್ತಾನೆ. ಅಲ್ಲಿಯವರು ಬೇಯಿಸಿದ ಮಾಂಸವನ್ನೂ ಅನ್ನವನ್ನೂ ತಿನ್ನಿಸಿ ಕುದುರೆಗಳನ್ನು ಕಳೆದುಕೊಳ್ಳುತ್ತಿದ್ದರಂತೆ. ಹಾಗೆಂದು ದಖನ್ನಿನಲ್ಲಿ ತಳಿಯೇ ಬೆಳೆಯಲಿಲ್ಲ ಎನ್ನಲಾಗದು. ಹೊರಗಿನ ಗಂಡು ಕುದುರೆಗಳೂ ಸ್ಥಳೀಯ ತಟ್ಟುಗಳೂ ಕೂಡಿ ಭೀಮಾ ನದಿಯ ಬಯಲಿನಲ್ಲಿ ಭೀಮಥಡಿ ಎಂಬ ಗಟ್ಟಿಮುಟ್ಟಾದ ಸಣ್ಣ ಕುದುರೆ ರೂಪುಗೊಂಡಿತು. ಮರಾಠಾ ಅಶ್ವದಳಕ್ಕೆ ಅದೇ ಬೆನ್ನೆಲುಬಾಗಿತ್ತು.

ಯೋಜಿಸಿ ತಳಿ ಬೆಳೆಸುವ ಕೆಲಸ ನಮ್ಮ ರಾಜ್ಯದಲ್ಲಿ ನೆಲೆಯೂರಿದ್ದು ಇಲ್ಲಿಂದ ಬಹಳ ದೂರದಲ್ಲಿ, ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ. ಟಿಪ್ಪು ಸುಲ್ತಾನನ ಕಾಲದಲ್ಲಿ ಸೇನೆಗಾಗಿ ಆರಂಭವಾದ ಆ ಸ್ಟಡ್ ಫಾರ್ಮ್ ಮುಂದೆ ಬ್ರಿಟಿಷರ ಅಶ್ವದಳಕ್ಕೆ ಒದಗಿತು, ಮೈಸೂರು ಅರಸರ ಕೈಗೂ ಬಂದಿತು. ಸೇನೆಗೆ ಕುದುರೆ ಬೇಡವಾದಾಗ ಅದು ಮುಚ್ಚಿಹೋಗದೆ ಪಂದ್ಯದ ಥರೋಬ್ರೆಡ್ ಕುದುರೆಗಳತ್ತ ಹೊರಳಿತು. 1992ರಲ್ಲಿ ವಿಜಯ್ ಮಲ್ಯ ಅವರ ಸಂಸ್ಥೆಗೆ 30 ವರ್ಷಗಳ ಗುತ್ತಿಗೆಗೆ ಹೋಯಿತು.

ಥರೋಬ್ರೆಡ್ ಸಾಕಣೆಯ ಕಟ್ಟುಪಾಡುಗಳು ಕುತೂಹಲಕರವಾಗಿವೆ. ಇಂದಿನ ಎಲ್ಲ ಥರೋಬ್ರೆಡ್‌ಗಳ ಗಂಡು ಸಂತತಿಯೂ ಇಂಗ್ಲೆಂಡಿಗೆ ಒಯ್ಯಲಾದ ಮೂರು ಪೂರ್ವದೇಶದ ಕುದುರೆಗಳಿಗೆ ಸೇರುತ್ತದೆ. ದನಗಳಿಗೆ ಊರೂರಲ್ಲಿ ಕೃತಕ ಗರ್ಭಧಾರಣೆ ನಡೆಯುವ ಈ ಕಾಲದಲ್ಲಿಯೂ ಇವುಗಳಿಗೆ ಅದು ನಿಷಿದ್ಧ. ಸಹಜ ಕೂಡುವಿಕೆಯಿಂದ ಹುಟ್ಟದ ಮರಿ ವಂಶಾವಳಿಯ ದಾಖಲೆಗೆ ಸೇರುವುದೇ ಇಲ್ಲ. ಹೆಣ್ಣು ಬೆದೆಗೆ ಬಂದಿದೆಯೇ ಎಂದು ತಿಳಿಯಲು ಮೊದಲು ಬೇರೊಂದು ಸಾಧಾರಣ ಗಂಡನ್ನು ಹತ್ತಿರ ತರುತ್ತಾರೆ, ಬೆಲೆಬಾಳುವ ಗಂಡಿನ ಸರದಿ ಆಮೇಲೆ. ಎಲ್ಲ ಮರಿಗಳ ವಯಸ್ಸನ್ನೂ ಜನವರಿ 1ರಿಂದಲೇ ಎಣಿಸುವುದರಿಂದ, ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಮರಿಗೆ ಕೆಲವೇ ದಿನಗಳಲ್ಲಿ ಒಂದು ವರ್ಷ ತುಂಬಿಬಿಡುತ್ತದೆ. ಆದ್ದರಿಂದ ಹನ್ನೊಂದು ತಿಂಗಳ ಗರ್ಭವನ್ನು ಲೆಕ್ಕಹಾಕಿ ಫೆಬ್ರವರಿಯಿಂದಲೇ ಕೂಡಿಸಲು ಆರಂಭಿಸುತ್ತಾರೆ, ಅದಕ್ಕೂ ಮೊದಲು ಅಲ್ಲ.

ಇಂಥದ್ದೊಂದು ಫಾರ್ಮ್ ನಮ್ಮ ಭಾಗಕ್ಕೂ ಬೇಕೆನ್ನುವವರಿದ್ದಾರೆ. ಅಮೆರಿಕದ ಕೆಂಟಕಿಯಲ್ಲಿ ಸುಣ್ಣಕಲ್ಲಿನ ನೆಲದ ಹುಲ್ಲು ತಿಂದ ಕುದುರೆಗಳ ಮೂಳೆ ಗಟ್ಟಿಯಾಗುತ್ತದೆ ಎನ್ನುತ್ತಾರೆ; ಸುಣ್ಣಕಲ್ಲಿಗೇನು, ನಮ್ಮ ಶಹಾಬಾದ್, ವಾಡಿ, ಸೇಡಂಗಳಲ್ಲಿ ಸಾಕಷ್ಟಿದೆ. ಇಲ್ಲದಿರುವುದು ವರ್ಷವಿಡೀ ಹಸಿರು ಮೇವು ಮತ್ತು ನೀರು. ಹಾಗಾಗಿ ಥರೋಬ್ರೆಡ್ ಇಲ್ಲಿಗೆ ಹೊಂದದು, ಹೊಂದುವುದು ಒಣಮೇವಿನಲ್ಲೂ ಬಾಳುವ ಭೀಮಥಡಿ ಎಂಬುದು ನನ್ನ ಅಭಿಪ್ರಾಯ. ಇತ್ತೀಚೆಗೆ ಅದು ಪ್ರತ್ಯೇಕ ತಳಿಯೆಂದು ರಾಷ್ಟ್ರೀಯ ಮಾನ್ಯತೆ ಪಡೆದಿದೆ, ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಬೀದರಿನಲ್ಲೇ ಇದೆ. ಈ ತಳಿಯನ್ನು ಇಲ್ಲಿಯವರೆಗೆ ಉಳಿಸಿಕೊಂಡು ಬಂದವರು ಕುರಿಮಂದೆಯೊಂದಿಗೆ ಮನೆಸಾಮಾನನ್ನೆಲ್ಲ ಅದರ ಬೆನ್ನಿಗೇರಿಸಿ ಅಲೆಯುವ ಧನಗರರು. ಫಾರ್ಮ್ ಮಾಡುವುದಾದರೆ ಒಳ್ಳೆಯ ಹೆಣ್ಣು ಕುದುರೆಗಳ ಆಯ್ಕೆ ಅವರ ಬಿಡಾರಗಳಿಂದಲೇ, ಅವರನ್ನು ಕೇಳಿಕೊಂಡೇ ಆಗಬೇಕು.