ಕೋಣನಕುಂಟೆಯ ಆ ಬಾಡಿಗೆ ಮನೆ

ಎಲ್ಲರಿಗೂ ನಮಸ್ಕಾರ.

ಕನಕಪುರ ರಸ್ತೆ ಕಡೆಯಿಂದ ಮೆಟ್ರೋದಲ್ಲಿ ಬಂದವರು ಕೋಣನಕುಂಟೆ ಕ್ರಾಸ್ ನಿಲ್ದಾಣ ದಾಟಿರುತ್ತೀರಿ. 1991ರಲ್ಲಿ ಆ ಜಾಗ ಬೆಂಗಳೂರಿನ ಅಂಚು. ಹಳ್ಳಿಯೂ ಹೌದು, ಊರೂ ಹೌದು. ನಡುನಡುವೆ ಹೊಸ ಮನೆಗಳು ಏಳುತ್ತಿದ್ದ ಕಾಲ. ಮಾಜಿ ಪ್ರಧಾನಿ ರಾಜೀವ್ ಗಾಂಧಿ ಹತ್ಯೆಯ ತಂಡದ ಮುಖಂಡ, ಶ್ರೀಲಂಕಾದ ತಮಿಳು ಉಗ್ರ ಸಂಘಟನೆ ಎಲ್‌ಟಿಟಿಇಯ (ಇವರನ್ನೇ ಹುಲಿಗಳು ಅನ್ನೋದು) ಶಿವರಾಸನ್ ಕೊನೆಗೆ ಅಡಗಿದ್ದು ಅಲ್ಲಿನ ಒಂದು ಬಾಡಿಗೆ ಮನೆಯಲ್ಲಿ. ಅವನು ಅಲ್ಲಿಗೆ ಯಾಕೆ ಬಂದ, ಹೇಗೆ ಸಿಕ್ಕಿಬಿದ್ದ, ಇಷ್ಟೇ ಇವತ್ತಿನ ಮಾತು.

1990ರ ಜೂನ್‌ನಲ್ಲಿ ಚೆನ್ನೈನಲ್ಲಿ ಎಲ್‌ಟಿಟಿಇಯ ಎದುರಾಳಿ ತಮಿಳು ಸಂಘಟನೆ ಇಪಿಆರ್‌ಎಲ್‌ಎಫ್‌ನ ನಾಯಕ ಪದ್ಮನಾಭ ಮತ್ತು ಸಂಗಡಿಗರ ಕೊಲೆಯಾಯಿತು. ಅದರ ಹಿಂದೆ ಇದ್ದವನೂ ಇದೇ ಶಿವರಾಸನ್. ಕೆಲಸ ಮುಗಿಸಿ ಕರಾವಳಿಗೆ ಹೋಗಿ, ದೋಣಿ ಹತ್ತಿ ಶ್ರೀಲಂಕಾದ ಜಾಫ್ನಾ ಸೇರಿಕೊಂಡಿದ್ದ. ಮುಂದಿನ ವರ್ಷವೂ ಹಾಗೇ ಆಗುತ್ತೆ ಅಂದುಕೊಂಡಿದ್ದನೋ ಏನೋ. ಈ ಸಲ ಆಗಲಿಲ್ಲ. ಅದಕ್ಕೆ ಕಾರಣ ಒಂದು ಕ್ಯಾಮೆರಾ.

1991ರ ಮೇ 21ರ ರಾತ್ರಿ ತಮಿಳುನಾಡಿನ ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಯನ್ನು ಕೊಂದ ಬಾಂಬ್ ಸಿಡಿಯಿತು. ಹಂತಕರೇ ಕರೆದುಕೊಂಡು ಬಂದಿದ್ದ ಛಾಯಾಗ್ರಾಹಕ ಹರಿಬಾಬು ಅಲ್ಲೇ ಸತ್ತ. ಅವನ ಕ್ಯಾಮೆರಾಗೆ ಮಾತ್ರ ಏನೂ ಆಗಿರಲಿಲ್ಲ. ಒಳಗೆ ಹತ್ತು ಚಿತ್ರಗಳಿದ್ದವು. ಒಂದರಲ್ಲಿ ಬಿಳಿ ಕುರ್ತಾ ಪೈಜಾಮ ತೊಟ್ಟು, ಪತ್ರಕರ್ತನ ಹಾಗೆ ನೋಟ್‌ಬುಕ್ ಹಿಡಿದು ನಿಂತವನು ಶಿವರಾಸನ್. ಅವನಿಗೆ ಒಂದು ಕಣ್ಣು ಇರಲಿಲ್ಲ, ಗಾಜಿನ ಕಣ್ಣು ಹಾಕಿಸಿಕೊಂಡಿದ್ದ. ಸ್ವಲ್ಪ ದಿನದಲ್ಲೇ ಒಂಟಿ ಕಣ್ಣಿನ ಶಿವರಾಸನ್ ಅಂದರೆ ಮಕ್ಕಳಿಗೂ ಗೊತ್ತು ಅನ್ನುವ ಹಾಗಾಯಿತು. ಗಡ್ಡ ಬೋಳಿಸಬಹುದು, ವೇಷ ಬದಲಿಸಬಹುದು. ಕಣ್ಣಿಗೆ ಏನು ಮಾಡ್ತೀರಿ?

ತಮಿಳುನಾಡಿನ ಕರಾವಳಿಯಲ್ಲಿ ಕಾವಲು ಬಿಗಿಯಾಗಿತ್ತು. ದೋಣಿ ಬರಲಿಲ್ಲ. ಹಾಗಾಗಿ ಜೂನ್ ಕೊನೆಯಲ್ಲಿ ಶಿವರಾಸನ್ ಮತ್ತು ಅವನ ಜೊತೆಗಾತಿ ಶುಭಾ ಬೆಂಗಳೂರಿಗೆ ಹೊರಟರು. ಬಂದದ್ದು ಖಾಲಿ ಟ್ಯಾಂಕರ್ ಲಾರಿಯೊಳಗೆ ಕೂತು. ದಾರಿಯುದ್ದಕ್ಕೂ ತಪಾಸಣೆ ಇತ್ತು, ಟ್ಯಾಂಕರ್ ಒಳಗೆ ಇಣುಕಿ ನೋಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಬೆಂಗಳೂರೇ ಯಾಕೆ? ಯುದ್ಧದಲ್ಲಿ ಗಾಯಗೊಂಡ ಹುಲಿಗಳು ಇಲ್ಲಿ ಮೊದಲಿನಿಂದಲೂ ಗುಟ್ಟಾಗಿ ಚಿಕಿತ್ಸೆ ಪಡೆಯುತ್ತಿದ್ದರು. ಅವರಿಗಾಗಿ ಮನೆಗಳೂ ಇದ್ದವು, ನೋಡಿಕೊಳ್ಳುವವರೂ ಇದ್ದರು. ತಮಿಳು ಮಾತಾಡುವ ಬಾಡಿಗೆದಾರ ಬಂದರೆ ಬೆಂಗಳೂರಿನಲ್ಲಿ ಯಾರೂ ಕಣ್ಣೆತ್ತಿಯೂ ನೋಡೋದಿಲ್ಲ. ಹೊಸ ಬಡಾವಣೆಯಲ್ಲಂತೂ ಪಕ್ಕದ ಮನೆಯವರು ಯಾರು ಅಂತಲೇ ಗೊತ್ತಿರೋದಿಲ್ಲ. ಅಡ್ವಾನ್ಸ್ ಕೈಗೆ ಬಂದರೆ ಓನರ್ ಕೂಡ ಜಾಸ್ತಿ ಕೇಳೋದಿಲ್ಲ, ಅಲ್ವಾ?

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಲ್ಲಿಂದ ಶುರು. ಮುಖ ತೋರಿಸಲಾಗದವನು ಒಳಗೆ ಕೂತರೆ ಅವನಿಗೆ ಅಕ್ಕಿ ತರುವವರು ಬೇಕು. ಹಾಲು, ಪೇಪರ್, ಔಷಧಿ ತರುವವರು ಬೇಕು. ಬಾಗಿಲು ತಟ್ಟಿದರೆ ಕನ್ನಡದಲ್ಲಿ ಉತ್ತರ ಕೊಡುವವರೂ ಬೇಕು. ಹಾಗಾಗಿ ಸ್ಥಳೀಯರ ಹೆಸರಲ್ಲಿ ಮನೆ ಹಿಡಿಯಲೇಬೇಕಾಯಿತು. ಅವರ ಜೀವಕ್ಕೂ ಭಯ ಇರುತ್ತೆ, ಅವರಿಗೂ ನೆಂಟರಿಷ್ಟರು ಇರುತ್ತಾರೆ. ಪೊಲೀಸರು ಕೋಣನಕುಂಟೆ ಮುಟ್ಟಿದ್ದು ಇಂಥ ಹೊರಗಿನ ಕೊಂಡಿಗಳನ್ನು ಹಿಡಿದೇ. ಅದೇ ವೇಳೆಗೆ ಮಂಡ್ಯ ಜಿಲ್ಲೆಯ ಮುತ್ತತ್ತಿ ಕಡೆ ಗಾಯಾಳು ಹುಲಿಗಳಿದ್ದ ಮನೆಯೂ ಸಿಕ್ಕಿತ್ತು. ಪೊಲೀಸರನ್ನು ಕಂಡ ಕೂಡಲೇ ಅಲ್ಲಿದ್ದವರು ಸಯನೈಡ್ ಕಚ್ಚಿದ್ದರು.

ಈ ಸಯನೈಡ್ ವಿಷಯ ತಿಳಿಯದಿದ್ದರೆ ಮುಂದಿನದು ಅರ್ಥ ಆಗೋದಿಲ್ಲ. ಹುಲಿಗಳಲ್ಲಿ ಪ್ರತಿಯೊಬ್ಬರ ಕೊರಳಲ್ಲೂ ದಾರಕ್ಕೆ ಕಟ್ಟಿದ ಒಂದು ಪುಟ್ಟ ಗಾಜಿನ ಕೊಳವೆ ಇರುತ್ತಿತ್ತು. ಕಚ್ಚಿದರೆ ಗಾಜು ಒಡೆದು ಬಾಯಿ ಕೊಯ್ಯುತ್ತದೆ, ವಿಷ ಆ ಗಾಯದಿಂದಲೇ ರಕ್ತ ಸೇರುತ್ತದೆ. ಹೊರಗಿನವರು ಬಾಗಿಲು ಒಡೆದು ಒಳಗೆ ಬರುವಷ್ಟರಲ್ಲಿ ಕಥೆ ಮುಗಿದಿರುತ್ತದೆ.

ಆಗಸ್ಟ್ 18ರ ಸಂಜೆ ಕೋಣನಕುಂಟೆಯ ಮನೆಗೆ ಮುತ್ತಿಗೆ ಬಿತ್ತು. ಆದರೆ ಒಳಗೆ ನುಗ್ಗಲಿಲ್ಲ. ಡಿ.ಆರ್. ಕಾರ್ತಿಕೇಯನ್ ನೇತೃತ್ವದ ವಿಶೇಷ ತನಿಖಾ ತಂಡಕ್ಕೆ ಶಿವರಾಸನ್ ಜೀವಂತ ಬೇಕಿತ್ತು. ಎನ್‌ಎಸ್‌ಜಿ (ರಾಷ್ಟ್ರೀಯ ಭದ್ರತಾ ಪಡೆ) ಕಮಾಂಡೊಗಳು, ಸಯನೈಡ್‌ಗೆ ಮದ್ದು, ಮೇಲಿನವರ ಅಪ್ಪಣೆ, ಎಲ್ಲಕ್ಕೂ ಕಾಯಲಾಯಿತು. ಒಂದು ರಾತ್ರಿ ಕಳೆಯಿತು, ಮರುದಿನವೂ ಕಳೆಯಿತು. 19ರಂದು ಒಳಗಿನವರಿಗೆ ಸುಳಿವು ಸಿಕ್ಕಿ ಗುಂಡು ಹಾರಿಸಿದರು. 20ರ ಬೆಳಿಗ್ಗೆ ಕಮಾಂಡೊಗಳು ನುಗ್ಗಿದಾಗ ಸಿಕ್ಕಿದ್ದು ಏಳು ಹೆಣ. ಆರು ಮಂದಿ ಸಯನೈಡ್ ಕಚ್ಚಿದ್ದರು, ಶಿವರಾಸನ್ ತಲೆಗೆ ಗುಂಡು ಹೊಡೆದುಕೊಂಡಿದ್ದ. ಅವತ್ತು ರಾಜೀವ್ ಗಾಂಧಿ ಹುಟ್ಟಿದ ದಿನ.

ತಕ್ಷಣ ನುಗ್ಗಿದ್ದರೆ ಜೀವಂತ ಸಿಗುತ್ತಿದ್ದ ಅಂತ ಸುಮ್ನೆ ಹೇಳುವವರು ಇದ್ದಾರೆ. ಮುತ್ತತ್ತಿಯಲ್ಲಿ ಆಗಿದ್ದನ್ನು ನೋಡಿದರೆ ನನಗೆ ಆ ನಂಬಿಕೆ ಇಲ್ಲ. ಆದರೆ ಇಷ್ಟು ಹೊತ್ತು ಕಾದರೆ ಸುಳಿವು ಸಿಕ್ಕೇ ಸಿಗುತ್ತೆ ಅನ್ನುವುದು ಯಾರಿಗಾದರೂ ಗೊತ್ತಾಗಬೇಕಿತ್ತು. ಒಳಗಿದ್ದವರಿಗೆ ಸಾಯಲು ಬೇಕಾದ ಸಮಯವನ್ನು ನಾವೇ ಕೊಟ್ಟೆವು ಅನ್ನಿಸುತ್ತದೆ.

ಇದರಿಂದ ಆದ ನಷ್ಟ ಕೋರ್ಟಿನಲ್ಲಿ ಕಾಣಿಸಿತು. ಪ್ರಕರಣದ 41 ಆರೋಪಿಗಳಲ್ಲಿ 12 ಮಂದಿ ಸತ್ತಿದ್ದರು. ಎಲ್‌ಟಿಟಿಇ ಮುಖ್ಯಸ್ಥ ಪ್ರಭಾಕರನ್ ಸೇರಿ ಮೂವರು ಸಿಗಲೇ ಇಲ್ಲ. ವಿಚಾರಣೆ ಎದುರಿಸಿದ್ದು ಉಳಿದ 26 ಮಂದಿ. 1998ರಲ್ಲಿ ಅಷ್ಟೂ ಜನರಿಗೆ ಗಲ್ಲು ಶಿಕ್ಷೆ ಆಯಿತು. 1999ರಲ್ಲಿ ಸುಪ್ರೀಂ ಕೋರ್ಟ್ ನಾಲ್ವರ ಗಲ್ಲು ಉಳಿಸಿ, ಮೂವರದ್ದನ್ನು ಜೀವಾವಧಿಗೆ ಇಳಿಸಿ, 19 ಮಂದಿಯನ್ನು ಬಿಟ್ಟಿತು. ಜಾಫ್ನಾದಿಂದ ಅಪ್ಪಣೆ ಪಡೆದು ಬಂದು, ಶ್ರೀಪೆರಂಬದೂರಿನಲ್ಲಿ ಖುದ್ದಾಗಿ ನಿಂತು ಕೆಲಸ ಮಾಡಿಸಿದವನನ್ನು ಯಾವ ವಕೀಲರೂ ಒಂದು ಪ್ರಶ್ನೆ ಕೇಳಲಾಗಲಿಲ್ಲ.